ಸಕ್ಕರೆ ಕಾಯಿಲೆಯ ಒಣಕಣ್ಣು: ಎಲೆಕ್ಟ್ರೋ ಅಕ್ಯುಪಂಕ್ಚರ್, ಹನಿ, ಕಾವು, ಪ್ಲಗ್ — ಯಾರಿಗೆ ಯಾವುದು?

ಸಕ್ಕರೆ ಕಾಯಿಲೆ ಇರುವವರ ಒಣಕಣ್ಣು ಉಳಿದವರ ಒಣಕಣ್ಣಿನಂತಲ್ಲ. ಶುರುವಿನಲ್ಲಿ ಉರಿ, ಮರಳು ಬಿದ್ದ ಹಾಗೆ ಕಿರಿಕಿರಿ, ಸಂಜೆಯ ಹೊತ್ತಿಗೆ ಕೆಂಪು ಎಲ್ಲವೂ ಇರುತ್ತದೆ. ಕೆಲವು ವರ್ಷ ಕಳೆದ ಮೇಲೆ ಅದೇ ಕಣ್ಣು ತಾನಾಗಿಯೇ ಸುಮ್ಮನಾಗಬಹುದು. ವಾಸಿಯಾಯಿತೆಂದು ಸಮಾಧಾನಪಟ್ಟು ಹನಿ ಹಾಕುವುದನ್ನು ಬಿಟ್ಟುಬಿಡುವುದು ಇಲ್ಲಿಯೇ. ಆದರೆ ಆಗಿರುವುದು ಬೇರೆ. ಪಾದದ ನರ ಸೊರಗಿದವರಿಗೆ ಕಾಲಿನಿಂದ ಚಪ್ಪಲಿ ಜಾರಿದ್ದು ತಿಳಿಯುವುದಿಲ್ಲವಲ್ಲ, ಹಾಗೆಯೇ ಕಾರ್ನಿಯಾದ (ಕಣ್ಣಿನ ಮುಂಬದಿಯ ಪಾರದರ್ಶಕ ಪದರ) ನರ ಸೊರಗಿದವರಿಗೆ ಕಣ್ಣು ಒಣಗಿದ್ದು ತಿಳಿಯುವುದಿಲ್ಲ. ದೂರು ಕೊಡಬೇಕಾದ ನರವೇ ಮಾತು ನಿಲ್ಲಿಸಿರುತ್ತದೆ.

ಚಿಕಿತ್ಸೆಗಳನ್ನು ಹೋಲಿಸುವ ಮೊದಲು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಏಕೆಂದರೆ ಎಲೆಕ್ಟ್ರೋ ಅಕ್ಯುಪಂಕ್ಚರ್ (ಚುಚ್ಚಿದ ಸೂಜಿಗಳಿಗೆ ಸಣ್ಣ ವಿದ್ಯುತ್ ಹರಿಸುವ ಚಿಕಿತ್ಸೆ) ಇರಲಿ, ಹನಿ ಇರಲಿ, "ಹಾಕಿಸಿಕೊಂಡೆ, ಹಾಯೆನಿಸಿತು" ಎನ್ನುವುದು ಈ ಕಣ್ಣಿನ ಮಟ್ಟಿಗೆ ಸಾಕ್ಷಿಯೇ ಅಲ್ಲ. ನೋವು ತಗ್ಗಿದ್ದು ಕಣ್ಣೀರು ಹೆಚ್ಚಿದ್ದರಿಂದಲೋ, ಸಂವೇದನೆ ಇನ್ನಷ್ಟು ಕುಗ್ಗಿದ್ದರಿಂದಲೋ ಎಂಬುದನ್ನು ಅಳತೆಯೊಂದೇ ಹೇಳಬಲ್ಲದು.

ಸೂಜಿಗೂ ಹನಿಗೂ ಮೊದಲು ಅಳತೆ

ಮೂರು ಪರೀಕ್ಷೆಗಳು ಸಾಮಾನ್ಯವಾಗಿ ಯಾವ ಕಣ್ಣಿನ ವೈದ್ಯರ ಬಳಿಯಾದರೂ ಆಗುತ್ತವೆ. ಕೆಳರೆಪ್ಪೆಯೊಳಗೆ ತೆಳ್ಳನೆಯ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷದಲ್ಲಿ ಅದು ಎಷ್ಟು ನೆನೆಯುತ್ತದೆಂದು ನೋಡುವುದು ಶಿರ್ಮರ್ ಪರೀಕ್ಷೆ. 10 ಮಿಲಿಮೀಟರಿಗಿಂತ ಕಡಿಮೆಯಾದರೆ ಅನುಮಾನ, 5ಕ್ಕೂ ಇಳಿದರೆ ನೀರಿನ ಕೊರತೆ ಜೋರಾಗಿಯೇ ಇದೆ ಎಂದರ್ಥ. ಎರಡನೆಯದರಲ್ಲಿ ಹಳದಿ ಬಣ್ಣ ಹಾಕಿ, ರೆಪ್ಪೆ ಬಡಿಯದೆ ಇದ್ದಾಗ ಕಣ್ಣೀರಿನ ಪೊರೆ ಎಷ್ಟು ಸೆಕೆಂಡಿಗೆ ಒಡೆಯುತ್ತದೆಂದು ಎಣಿಸುತ್ತಾರೆ. 10 ಸೆಕೆಂಡಿನೊಳಗೆ ಒಡೆದರೆ ಪೊರೆ ಸ್ಥಿರವಾಗಿಲ್ಲ. ಅದೇ ಬಣ್ಣದಲ್ಲಿ ಕಾರ್ನಿಯಾದ ಮೇಲೆ ಚುಕ್ಕೆಗಳು ಎಷ್ಟು ಕಾಣುತ್ತವೆ ಎಂಬುದು ಮೂರನೆಯದು. ಇವುಗಳ ಜೊತೆಗೆ ನಾಲ್ಕನೆಯದೊಂದನ್ನು ಸಕ್ಕರೆ ಕಾಯಿಲೆಯವರು ತಾವಾಗಿಯೇ ಕೇಳಿ ಮಾಡಿಸಿಕೊಳ್ಳಬೇಕು: ಹತ್ತಿಯ ಎಳೆಯ ತುದಿಯಿಂದ ಮುಟ್ಟಿ ಕಾರ್ನಿಯಾಕ್ಕೆ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುವುದು. ಒಂದು ನಿಮಿಷವೂ ಹಿಡಿಯದ ಪರೀಕ್ಷೆ. ಬಣ್ಣ ಮತ್ತು ಮರಗಟ್ಟಿಸುವ ಹನಿ ಹಾಕುವ ಮೊದಲೇ ಇದು ಮುಗಿಯಬೇಕು.

ಇದೇ ಭೇಟಿಯಲ್ಲಿ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ಪಾದದ ನರನೋವಿಗೆಂದು ಕೊಡುವ ಅಮಿಟ್ರಿಪ್ಟಿಲಿನ್ ಕಣ್ಣನ್ನೂ ಬಾಯಿಯನ್ನೂ ಒಣಗಿಸುತ್ತದೆ. ಅಲರ್ಜಿಯ ಕೆಲವು ಮಾತ್ರೆಗಳು, ರಕ್ತದೊತ್ತಡಕ್ಕೆ ಕೊಡುವ ಮೂತ್ರವರ್ಧಕಗಳು, ಕೆಡದಂತೆ ಸಂರಕ್ಷಕ ಸೇರಿಸಿದ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಹನಿಗಳು ಕೂಡ ಒಣಕಣ್ಣಿಗೆ ಕಾರಣವಾಗಬಲ್ಲವು. ಒಂದು ಕಡೆ ಮಾತ್ರೆ ಕಣ್ಣೀರು ಬತ್ತಿಸುತ್ತಿದ್ದರೆ ಇನ್ನೊಂದು ಕಡೆ ಸೂಜಿ ಚುಚ್ಚಿ ಅದನ್ನು ತರಿಸಲು ಹೋಗುವುದರಲ್ಲಿ ಅರ್ಥವಿಲ್ಲ. ರೆಟಿನಾಕ್ಕೆ (ಕಣ್ಣಿನ ಹಿಂಬದಿಯ ಪದರ) ಹೆಚ್ಚು ಲೇಸರ್ ಆಗಿದ್ದರೂ, ಕಣ್ಣಿನ ಪೊರೆಯ (ಕ್ಯಾಟರ್ಯಾಕ್ಟ್) ಶಸ್ತ್ರಚಿಕಿತ್ಸೆ ಆಗಿದ್ದರೂ ಹೇಳಬೇಕು. ಎರಡೂ ಕಾರ್ನಿಯಾದ ನರಗಳಿಗೆ ಪೆಟ್ಟು ಕೊಡುತ್ತವೆ.

ದೃಷ್ಟಿ ಮಂಜಾಗುವುದನ್ನೆಲ್ಲ ಒಣಕಣ್ಣಿನ ಲೆಕ್ಕಕ್ಕೆ ಹಾಕುವುದು ತಪ್ಪು. ರೆಪ್ಪೆ ಬಡಿದೊಡನೆ ತಿಳಿಯಾಗುವ ಮಂಜು ಕಣ್ಣೀರಿನದು. ಸಕ್ಕರೆ ಏರಿಳಿದ ದಿನಗಳಲ್ಲಿ ಬಂದು ವಾರಗಟ್ಟಲೆ ಉಳಿಯುವ ಮಂಜು ಮಸೂರ ನೀರು ಹೀರಿ ಉಬ್ಬಿದ್ದರಿಂದ ಇರಬಹುದು. ದಿಢೀರನೆ ಕಪ್ಪು ಎಳೆಗಳು ತೇಲಿದರೆ ಅಥವಾ ಪರದೆ ಬಿದ್ದಂತಾದರೆ ಅದು ರೆಟಿನಾದ ವಿಷಯ. ಅದಕ್ಕೆ ಈ ಬರಹದಲ್ಲಿರುವ ಯಾವ ಚಿಕಿತ್ಸೆಯೂ ಉತ್ತರವಲ್ಲ.

ಕೆಟ್ಟಿರುವುದು ಎಲ್ಲಿ?

ಕಣ್ಣೀರು ಬರೀ ನೀರಲ್ಲ. ಕಾರ್ನಿಯಾಕ್ಕೆ ಅಂಟಿಕೊಂಡ ಲೋಳೆ, ಅದರ ಜೊತೆ ಬೆರೆತ ನೀರು, ಮೇಲೆ ಎಣ್ಣೆಯ ತೆಳು ಹೊದಿಕೆ. ನೀರು ಕೊಡುವುದು ಮೇಲುರೆಪ್ಪೆಯ ಹೊರಮೂಲೆಯಲ್ಲಿರುವ ಕಣ್ಣೀರಿನ ಗ್ರಂಥಿ, ಎಣ್ಣೆ ಕೊಡುವುದು ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳು. ಇವೆಲ್ಲವನ್ನೂ ನಡೆಸುವುದು ನರಗಳ ಒಂದು ಸುತ್ತು. ಕಾರ್ನಿಯಾ ಒಣಗಿದೆ ಎಂಬ ಸುದ್ದಿಯನ್ನು ಐದನೆಯ ಕಪಾಲ ನರ ಮಿದುಳಿಗೆ ಒಯ್ಯುತ್ತದೆ, ಏಳನೆಯ ನರದ ದಾರಿಯಲ್ಲಿ ಗ್ರಂಥಿಗೆ "ಸುರಿಸು" ಎಂಬ ಆಜ್ಞೆ ಬರುತ್ತದೆ.

ಸಕ್ಕರೆ ಕಾಯಿಲೆ ಈ ಸುತ್ತನ್ನು ಹಲವು ಕಡೆ ಹಾಳುಮಾಡುತ್ತದೆ. ಕಾರ್ನಿಯಾದ ನರಗಳು ತೆಳುವಾಗಿ ಸುದ್ದಿಯೇ ಹೊರಡುವುದಿಲ್ಲ, ರೆಪ್ಪೆ ಬಡಿಯುವುದೂ ಕಡಿಮೆಯಾಗುತ್ತದೆ. ಸಕ್ಕರೆ ಅಂಟಿಕೊಂಡ ಪ್ರೊಟೀನುಗಳು ಗ್ರಂಥಿಯಲ್ಲಿ ಸೇರಿ ಉರಿಯೂತ ಎಬ್ಬಿಸುತ್ತವೆ. ಲೋಳೆ ಕೊಡುವ ಕೋಶಗಳು ಕಮ್ಮಿಯಾಗುತ್ತವೆ. ಮೇಲ್ಪದರ ಗೀರಿದರೆ ಮಾಯುವುದು ನಿಧಾನ. ಕಾಯಿಲೆ ಹಳೆಯದಾದಷ್ಟೂ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) ಏರಿದಷ್ಟೂ ಒಣಕಣ್ಣಿನ ಸಾಧ್ಯತೆ ಹೆಚ್ಚು. ಆದ್ದರಿಂದ ಸಕ್ಕರೆಯ ಹಿಡಿತವನ್ನು ಈ ಹೋಲಿಕೆಯಲ್ಲಿ ಒಂದು ಆಯ್ಕೆ ಎಂದು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅದು ಎಲ್ಲ ಆಯ್ಕೆಗಳ ಕೆಳಗಿನ ನೆಲ.

ಎಲೆಕ್ಟ್ರೋ ಅಕ್ಯುಪಂಕ್ಚರ್ ಏನು ಮಾಡುತ್ತದೆ?

ಸಾಮಾನ್ಯ ಅಕ್ಯುಪಂಕ್ಚರಿನಲ್ಲಿ ಸೂಜಿಯನ್ನು ಕೈಯಿಂದ ತಿರುವುತ್ತಾರೆ. ಇದರಲ್ಲಿ ಜೋಡಿ ಸೂಜಿಗಳಿಗೆ ಸಣ್ಣ ಕ್ಲಿಪ್ ಹಾಕಿ, ಬ್ಯಾಟರಿಯ ಯಂತ್ರದಿಂದ ಕೆಲವೇ ಮಿಲಿಆಂಪಿಯರಿನೊಳಗಿನ ವಿದ್ಯುತ್ತನ್ನು ಮಿಡಿತ ಮಿಡಿತವಾಗಿ ಹರಿಸುತ್ತಾರೆ. ಒಂದು ಸಲಕ್ಕೆ 20ರಿಂದ 30 ನಿಮಿಷ, ವಾರಕ್ಕೆ ಎರಡು ಮೂರು ಸಲ, ಹಲವು ವಾರ. ಹುಬ್ಬಿನ ಒಳತುದಿಯ ಬಿಎಲ್-2, ಹೊರತುದಿಯ ಟಿಇ-23, ಕಣತಲೆಯ ತಾಯ್‌ಯಾಂಗ್, ಕೈಯ ಎಲ್‌ಐ-4, ಮೊಣಕಾಲಿನ ಕೆಳಗಿನ ಎಸ್‌ಟಿ-36 — ಕಣ್ಣಿನ ಮಟ್ಟಿಗೆ ಹೆಚ್ಚಾಗಿ ಕೇಳಿಬರುವ ಬಿಂದುಗಳು ಇವು.

ಹುಬ್ಬಿನ ಸುತ್ತಲಿನ ಬಿಂದುಗಳು ಬೀಳುವುದು ಐದನೆಯ ಕಪಾಲ ನರದ ಕೊಂಬೆಗಳು ಹರಡಿರುವ ಜಾಗದಲ್ಲಿಯೇ. ಈ ಚಿಕಿತ್ಸೆಯನ್ನು ತಳ್ಳಿಹಾಕದೆ ಕೂತು ಯೋಚಿಸುವಂತೆ ಮಾಡುವ ಸಂಗತಿ ಇದು. ಕಾರ್ನಿಯಾದಿಂದ ಸುದ್ದಿ ಹೊರಡದಿದ್ದರೆ ಅದೇ ನರದ ಬೇರೆ ಕೊಂಬೆಯನ್ನು ಮಿಡಿಸಿ ಗ್ರಂಥಿಯನ್ನು ಎಬ್ಬಿಸಬಹುದೇ ಎಂಬುದು ಪ್ರಶ್ನೆ. ಜೊತೆಗೆ, ವಿದ್ಯುತ್ ಮಿಡಿತದ ವೇಗಕ್ಕೆ ತಕ್ಕಂತೆ ದೇಹ ಬೇರೆ ಬೇರೆ ರಾಸಾಯನಿಕಗಳನ್ನು ಬಿಡುತ್ತದೆ ಎಂಬುದನ್ನು ಬೀಜಿಂಗಿನ ಹಾನ್ ಜಿಶೆಂಗ್ ತಂಡ ದಶಕಗಳ ಕೆಲಸದಿಂದ ತೋರಿಸಿದೆ: 2 ಹರ್ಟ್ಜ್‌ನಲ್ಲಿ ಎಂಡಾರ್ಫಿನ್, ಎನ್ಕೆಫಲಿನ್, 100 ಹರ್ಟ್ಜ್‌ನಲ್ಲಿ ಡೈನಾರ್ಫಿನ್. ಕೈಯಿಂದ ತಿರುವುವ ಸೂಜಿಗಿಂತ ಇದರಲ್ಲಿ ಪ್ರಮಾಣವನ್ನು ಅಳೆಯಬಹುದು, ಮುಂದಿನ ಸಲ ಅದೇ ಪ್ರಮಾಣವನ್ನು ಮತ್ತೆ ಕೊಡಬಹುದು. ಇದನ್ನು ನಾನು ಒಂದು ನಿಜವಾದ ಗುಣ ಎಂದೇ ಎಣಿಸುತ್ತೇನೆ.

ಇನ್ನು ಆಧಾರದ ಮಾತು. ಇಲಿ ಮತ್ತು ಮೊಲಗಳಲ್ಲಿ ಒಣಕಣ್ಣು ಉಂಟುಮಾಡಿ ವಿದ್ಯುತ್ ಸೂಜಿ ಕೊಟ್ಟಾಗ ಕಣ್ಣೀರು ಹೆಚ್ಚಿದ್ದು, ಉರಿಯೂತದ ಗುರುತುಗಳು ಇಳಿದದ್ದು ವರದಿಯಾಗಿದೆ. ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಲ್ಲೂ ಇಂಥ ಪ್ರಯೋಗಗಳಿವೆ. ಮನುಷ್ಯರ ಮೇಲಿನ ಅಧ್ಯಯನಗಳು ಹೆಚ್ಚಿನವು ಚೀನಾ ಮತ್ತು ಕೊರಿಯಾದವು, ಗಾತ್ರದಲ್ಲಿ ಚಿಕ್ಕವು, ಸಾಮಾನ್ಯ ಒಣಕಣ್ಣಿನವರ ಮೇಲೆ ನಡೆದವು. ಕೊರಿಯಾದ ಎರಡು ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಬೇಕು. ಎರಡರಲ್ಲೂ ವಿದ್ಯುತ್ ಇರಲಿಲ್ಲ, ಬರೀ ಸೂಜಿ. 2010ರದ್ದರಲ್ಲಿ ನಿಜವಾದ ಬಿಂದುಗಳಿಗೆ ಚುಚ್ಚಿಸಿಕೊಂಡವರೂ ಸುಮ್ಮನೆ ತೋರಿಕೆಗೆ ಚುಚ್ಚಿಸಿಕೊಂಡವರೂ ಇಬ್ಬರೂ ಸುಧಾರಿಸಿದರು, ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2012ರಲ್ಲಿ ಪ್ರಕಟವಾದದ್ದರಲ್ಲಿ ಸೂಜಿಯನ್ನು ಕೃತಕ ಕಣ್ಣೀರಿನ ಎದುರು ನಿಲ್ಲಿಸಿದರು. ನಾಲ್ಕು ವಾರದ ಚಿಕಿತ್ಸೆ ಮುಗಿದಾಗ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. ಆದರೆ ಚಿಕಿತ್ಸೆ ನಿಲ್ಲಿಸಿ ಎಂಟು ವಾರ ಕಳೆದ ಮೇಲೆ ನೋಡಿದರೆ ಸೂಜಿಯ ಗುಂಪು ಮುಂದಿತ್ತು.

ಇದರಿಂದ ನಾನು ತೆಗೆದುಕೊಳ್ಳುವುದು ಇಷ್ಟು. ಸೂಜಿಯಿಂದ ಏನೋ ಒಂದು ಆಗುತ್ತದೆ, ಅದು ಕೆಲಕಾಲ ಉಳಿಯಲೂಬಹುದು, ಆದರೆ ಅದರಲ್ಲಿ ಬಿಂದುವಿನ ಪಾಲೆಷ್ಟು, ಆರೈಕೆಯ ಸಮಾಧಾನದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಚರ್ಮದ ಕೆಳಗೆ ವಿದ್ಯುತ್ ಮಿಡಿಯುತ್ತಿದೆಯೋ ಇಲ್ಲವೋ ಎಂಬುದು ರೋಗಿಗೆ ಗೊತ್ತಾಗಿಯೇ ಆಗುತ್ತದೆ, ಹಾಗಾಗಿ ಎಲೆಕ್ಟ್ರೋ ಅಕ್ಯುಪಂಕ್ಚರಿನಲ್ಲಿ ಈ ತೊಡಕು ಇನ್ನೂ ಹೆಚ್ಚು. ಬಹಳ ಹಳೆಯ ಸಕ್ಕರೆ ಕಾಯಿಲೆಯಲ್ಲಿ ನರವೇ ಸೊರಗಿರುವಾಗ ಅದೇ ನರವನ್ನು ಮಿಡಿಸಿ ಎಷ್ಟು ಫಲ ಸಿಕ್ಕೀತು ಎಂಬ ಪ್ರಶ್ನೆಯೂ ಉಳಿಯುತ್ತದೆ. ಸ್ಪರ್ಶ ಇನ್ನೂ ಉಳಿದಿರುವ ಕಣ್ಣಿಗೆ ಇದು ಹೆಚ್ಚು ಒಪ್ಪುತ್ತದೆ, ಪೂರಾ ಮರಗಟ್ಟಿದ ಕಣ್ಣಿಗೆ ಕಡಿಮೆ. ಇದು ನನ್ನ ತೀರ್ಮಾನ.

ಕೃತಕ ಕಣ್ಣೀರಿನ ಎದುರು

ಹೋಲಿಕೆ ಶುರುವಾಗುವುದೇ ಇಲ್ಲಿಂದ, ಏಕೆಂದರೆ ಯಾವ ಒಣಕಣ್ಣಿಗೂ ಮೊದಲ ಮೆಟ್ಟಿಲು ಇದು. ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್, ಹೈಪ್ರೊಮೆಲೋಸ್, ಸೋಡಿಯಂ ಹೈಲುರೊನೇಟ್ — ಹೆಸರು ಯಾವುದೇ ಇರಲಿ, ಕೆಲಸ ಒಂದೇ: ಒಣಗಿದ ಮೇಲ್ಮೈಗೆ ತೇವ ಕೊಟ್ಟು ರೆಪ್ಪೆಯ ಉಜ್ಜಾಟ ತಪ್ಪಿಸುವುದು. ಗ್ರಂಥಿಯನ್ನಾಗಲಿ ನರವನ್ನಾಗಲಿ ಇದು ಸರಿಮಾಡುವುದಿಲ್ಲ. ಸೂಜಿ ಮಾಡಲು ಹೊರಟಿರುವುದು ಅದನ್ನೇ, ನಿಜ. ಆದರೆ ಹನಿ ಈ ನಿಮಿಷದಲ್ಲಿ ಕಾರ್ನಿಯಾವನ್ನು ಕಾಯುತ್ತದೆ, ಸೂಜಿ ವಾರಗಳ ನಂತರದ ಆಸೆ. ನೋವು ಗೊತ್ತಾಗದ ಕಣ್ಣಿಗೆ ಆ ವಾರಗಳಲ್ಲಿ ಕಾವಲು ಬೇಕೇ ಬೇಕು. ಹಾಗಾಗಿ "ಸೂಜಿಯೋ ಹನಿಯೋ" ಎಂದು ಕೇಳಿದರೆ ನನ್ನ ಉತ್ತರ ಹನಿ. "ಹನಿಯ ಜೊತೆ ಸೂಜಿಯೂ ಬೇಕೇ" ಎಂಬುದು ಕೇಳಬೇಕಾದ ಪ್ರಶ್ನೆ.

ಹನಿಯಲ್ಲಿಯೂ ಆರಿಸಬೇಕಾದ್ದೊಂದಿದೆ. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ ಕಾರ್ನಿಯಾದ ಮೇಲ್ಪದರಕ್ಕೇ ವಿಷ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹಾಕುವವರು, ಅದರಲ್ಲೂ ಗಾಯ ನಿಧಾನವಾಗಿ ಮಾಯುವ ಸಕ್ಕರೆ ಕಾಯಿಲೆಯವರು, ಸಂರಕ್ಷಕವಿಲ್ಲದ ಹನಿಯನ್ನೇ ಕೇಳಿ ಪಡೆಯಬೇಕು. ಕೆಂಪು ಇಳಿಸುವ ಹನಿಗಳು ಬೇರೆಯೇ ಜಾತಿ. ರಕ್ತನಾಳ ಕುಗ್ಗಿಸಿ ಬಿಳುಪು ತೋರಿಸುತ್ತವೆಯೇ ಹೊರತು ತೇವ ಕೊಡುವುದಿಲ್ಲ. ಅವುಗಳ ಸಹವಾಸ ಬೇಡ. ಹಗಲಿನ ಹನಿಯ ಜೊತೆ ರಾತ್ರಿ ಮಲಗುವಾಗ ಕಣ್ಣಿನ ಮುಲಾಮು ಸೇರಿಸಿದರೆ ಬೆಳಗ್ಗೆ ಅಂಟಿಕೊಳ್ಳುವ ರೆಪ್ಪೆಗೆ ಅನುಕೂಲ.

ಉರಿಯೂತ ತಗ್ಗಿಸುವ ಹನಿಗಳು

ಹನಿ ಹಾಕಿಯೂ ಬಣ್ಣದ ಚುಕ್ಕೆಗಳು ಉಳಿದಿದ್ದರೆ ಉರಿಯೂತಕ್ಕೆ ಕೈಹಾಕಬೇಕು. ಅಮೆರಿಕದಲ್ಲಿ 0.05% ಸೈಕ್ಲೋಸ್ಪೋರಿನ್ ಹನಿಗೆ 2002ರಲ್ಲಿ, 5% ಲಿಫಿಟೆಗ್ರಾಸ್ಟಿಗೆ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಎಲೆಕ್ಟ್ರೋ ಅಕ್ಯುಪಂಕ್ಚರಿಗೆ ಹೋಲಿಸಿದರೆ ಇವುಗಳ ಹಿಂದಿರುವ ಪ್ರಯೋಗಗಳ ಬಲ ಎಷ್ಟೋ ಹೆಚ್ಚು. ಕೊರತೆ ತಾಳ್ಮೆಯದು: ಸೈಕ್ಲೋಸ್ಪೋರಿನ್ ಪೂರ್ತಿ ಫಲ ಕೊಡಲು ಮೂರರಿಂದ ಆರು ತಿಂಗಳು ಬೇಕು, ಹಾಕಿದಾಗ ಉರಿಯುತ್ತದೆ. ಎರಡೇ ವಾರಕ್ಕೆ ಬಿಟ್ಟು "ಕೆಲಸ ಮಾಡಲಿಲ್ಲ" ಎಂದು ಸೂಜಿಯ ಕಡೆ ತಿರುಗುವುದು ಆ ಹನಿಗೆ ಮಾಡುವ ಅನ್ಯಾಯ, ತಮ್ಮ ಕಣ್ಣಿಗೂ.

ಸ್ಟೆರಾಯ್ಡ್ ಹನಿ ಬೇಗ ಆರಾಮ ಕೊಡುತ್ತದೆ. ವೈದ್ಯರು ಕೆಲವು ವಾರಕ್ಕೆಂದು ಕೊಟ್ಟರೆ ಅಷ್ಟೇ ವಾರ. ಅಂಗಡಿಯಿಂದ ಮತ್ತೆ ಮತ್ತೆ ತಂದು ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಮಸೂರದ ಪೊರೆ (ಕ್ಯಾಟರ್ಯಾಕ್ಟ್) ಬೆಳೆಯುತ್ತದೆ, ಗಾಯ ಮಾಯುವುದು ಇನ್ನೂ ತಡವಾಗುತ್ತದೆ.

ಮೂಗಿನ ದಾರಿ

ನರವನ್ನು ಮಿಡಿಸಿ ಕಣ್ಣೀರು ತರಿಸುವ ಯೋಚನೆ ಅಕ್ಯುಪಂಕ್ಚರಿಗೆ ಮಾತ್ರ ಸೇರಿದ್ದಲ್ಲ. ವರೆನಿಕ್ಲಿನ್ ಮೂಗಿನ ಸ್ಪ್ರೇಗೆ 2021ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ದಿನಕ್ಕೆ ಎರಡು ಸಲ ಎರಡೂ ಹೊಳ್ಳೆಗೆ ಒಂದೊಂದು ಸಲ ಸಿಂಪಡಿಸಿದರೆ ಅದೇ ಐದನೆಯ ನರದ ಮೂಗಿನ ಕೊಂಬೆ ಎಚ್ಚೆತ್ತು ಗ್ರಂಥಿ ಸುರಿಸುತ್ತದೆ. ಪ್ರಯೋಗದಲ್ಲಿ ಹತ್ತರಲ್ಲಿ ಎಂಟು ಮಂದಿಗೆ ಸೀನು ಬಂದಿತ್ತು ಎಂಬುದು ಅದರ ದೊಡ್ಡ ಕಿರಿಕಿರಿ. ಮೂಗಿನ ಪಕ್ಕದ ಚರ್ಮದ ಮೇಲೆ ಹಿಡಿದು ಕಂಪಿಸುವ ಸಾಧನವೂ ಇದೆ. ಎಲೆಕ್ಟ್ರೋ ಅಕ್ಯುಪಂಕ್ಚರನ್ನು ಒಪ್ಪುವವರೂ ಒಪ್ಪದವರೂ ಈ ಸ್ಪ್ರೇಯನ್ನು ಗಮನಿಸಬೇಕು: ನರದ ದಾರಿಯಲ್ಲಿ ಕಣ್ಣೀರು ಹೆಚ್ಚಿಸಬಹುದು ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ. ಅದು ಸಿಗುವ ಕಡೆ ಇರುವವರು, ವಾರಕ್ಕೆ ಮೂರು ಸಲ ಹೋಗಿ ಮಲಗಲು ಬಿಡುವಿಲ್ಲದವರು, ಕಣ್ಣಿನ ಹತ್ತಿರ ಸೂಜಿ ಎಂದರೆ ಅಂಜುವವರು ಮೊದಲು ಅದರ ಬಗ್ಗೆ ವಿಚಾರಿಸುವುದು ಮೇಲು.

ಎಣ್ಣೆಯ ತೊಂದರೆಯಾದರೆ

ಶಿರ್ಮರ್ ಸರಿಯಿದ್ದು ಪೊರೆ ಮಾತ್ರ ಬೇಗ ಒಡೆಯುತ್ತಿದ್ದರೆ, ರೆಪ್ಪೆಯಂಚು ದಪ್ಪಗಿದ್ದರೆ, ಕೊರತೆ ಹೆಚ್ಚಾಗಿ ನೀರಿನದಲ್ಲ, ಎಣ್ಣೆಯದು. ಇಂಥವರಿಗೆ ಸೂಜಿಗಿಂತ ಮೊದಲು ಬಿಸಿ ಕಾವು. ರೆಪ್ಪೆ ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾಗಿ ಹತ್ತು ನಿಮಿಷ ಉಳಿದರೆ ಗಟ್ಟಿಯಾದ ಎಣ್ಣೆ ಕರಗುತ್ತದೆ, ಆಮೇಲೆ ಮೆಲ್ಲಗೆ ರೆಪ್ಪೆಯಂಚಿನತ್ತ ಒತ್ತಬೇಕು. ಬೆರಳ ತುದಿಯ ಸ್ಪರ್ಶ ಕಳೆದುಕೊಂಡವರು ಬಿಸಿಯನ್ನು ಬೆರಳಿನಿಂದ ಪರೀಕ್ಷಿಸಬಾರದು. ಮನೆಯವರ ಕೈಯಲ್ಲಿ ನೋಡಿಸಿ. ತೀವ್ರ ಬೆಳಕಿನ ಐಪಿಎಲ್ ಚಿಕಿತ್ಸೆಯೂ ಎಣ್ಣೆ ಗ್ರಂಥಿಗಳಿಗೆ ಇದೆ, ಆದರೆ ಕಪ್ಪು ಮೈಬಣ್ಣದ ಚರ್ಮ ಆ ಬೆಳಕನ್ನು ಹೆಚ್ಚು ಹೀರಿ ಸುಡುವ ಅಪಾಯವಿದೆ.

ಮೀನೆಣ್ಣೆಯ ಮಾತ್ರೆಗಳ ಬಗ್ಗೆ ಒಂದೇ ಮಾತು. 2018ರಲ್ಲಿ ಪ್ರಕಟವಾದ ಡ್ರೀಮ್ ಎಂಬ ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 3,000 ಮಿಲಿಗ್ರಾಂ ಒಮೆಗಾ-3 ಒಂದು ವರ್ಷ ತಿಂದವರಿಗೂ ಆಲಿವ್ ಎಣ್ಣೆ ತಿಂದವರಿಗೂ ಒಣಕಣ್ಣಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಪ್ಲಗ್, ಸೀರಂ

ಕಣ್ಣೀರು ಹರಿದುಹೋಗುವ ರಂಧ್ರಕ್ಕೆ ಸಿಕ್ಕಿಸುವ ಪುಟ್ಟ ಪ್ಲಗ್ ನೀರಿನ ಕೊರತೆಗೆ ಒಳ್ಳೆಯದು, ತೆಗೆಯಲೂ ಬರುತ್ತದೆ. ಉರಿಯೂತ ಆರಿಸದೆ ಹಾಕಿದರೆ ಮಾತ್ರ ಉರಿಯೂತದ ನೀರೇ ಕಣ್ಣಲ್ಲಿ ನಿಲ್ಲುತ್ತದೆ. ರೋಗಿಯ ರಕ್ತದಿಂದಲೇ ಮಾಡುವ ಸೀರಂ ಹನಿ ಮಾಯದ ಗಾಯವಿರುವ, ನರ ಸತ್ತ ಕಣ್ಣಿಗೆ ದೊಡ್ಡ ಆಸರೆ. ಸಂರಕ್ಷಕವಿಲ್ಲದ ಕಾರಣ ಅದನ್ನು ತಣ್ಣಗೆ, ಚೊಕ್ಕಟವಾಗಿ ಇಡಬೇಕು. ಕಾರ್ನಿಯಾದ ಸ್ಪರ್ಶ ಪೂರ್ತಿ ಹೋಗಿ ಹುಣ್ಣಾಗುವ ಹಂತಕ್ಕೆ ಬಂದಿದ್ದರೆ ಯೋಚಿಸಬೇಕಾದ್ದು ಇವುಗಳನ್ನೇ, ಸೂಜಿಯನ್ನಲ್ಲ.

ಸೂಜಿ ಬೇಡವೆನ್ನಬೇಕಾದವರು

ಪೇಸ್‌ಮೇಕರ್ ಅಥವಾ ಹೃದಯಕ್ಕೆ ಶಾಕ್ ಕೊಡುವ ಸಾಧನ ಒಳಗಿದ್ದವರಿಗೆ ವಿದ್ಯುತ್ ಸೂಜಿ ಬೇಡವೇ ಬೇಡ. ಮೂರ್ಛೆ ರೋಗವಿದ್ದವರೂ ಗರ್ಭಿಣಿಯರೂ ತಮ್ಮ ವೈದ್ಯರನ್ನು ಕೇಳದೆ ಮಾಡಿಸಬಾರದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಕಣ್ಣಿನ ಸುತ್ತ ಚುಚ್ಚಿದರೆ ರೆಪ್ಪೆ ಕಪ್ಪಗೆ ಬಾತುಕೊಳ್ಳುವುದು ಸುಲಭ. ರೆಟಿನಾದಲ್ಲಿ ಹೊಸ ರಕ್ತನಾಳಗಳು ಬೆಳೆದಿದ್ದರೆ, ಇತ್ತೀಚೆಗೆ ಕಣ್ಣೊಳಗೆ ರಕ್ತ ಸೋರಿದ್ದರೆ ಮೊದಲು ರೆಟಿನಾ ವೈದ್ಯರ ಮಾತು ಕೇಳಬೇಕು.

ಕಣ್ಣಿನ ಒಳಮೂಲೆಯ ಬಿಎಲ್-1 ಬಿಂದುವಿನ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ: ಅಲ್ಲಿ ಸೂಜಿ ಬೇಡ. ಗುಡ್ಡೆಗೆ ಅಷ್ಟು ಹತ್ತಿರದ ಜಾಗವದು. ಸೂಜಿ ಕಣ್ಣುಗುಡ್ಡೆಯನ್ನೇ ಹೊಕ್ಕ ಪ್ರಕರಣಗಳು ಅಪರೂಪವಾದರೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಹುಬ್ಬಿನ ಮೂಳೆಯ ಮೇಲಿನ ಬಿಂದುಗಳಲ್ಲಿ ಆ ಭಯ ಕಡಿಮೆ. ಹಾಗೆಯೇ ಪಾದದ ಸ್ಪರ್ಶ ಹೋದವರು ಕಾಲಿನ ಬಿಂದುಗಳನ್ನು ಬಿಡಿಸಬೇಕು; ಗೊತ್ತಾಗದೆ ಆದ ಸಣ್ಣ ಗಾಯ ಅಲ್ಲಿ ದೊಡ್ಡದಾಗುತ್ತದೆ. ಸೂಜಿಗಳು ಒಮ್ಮೆ ಬಳಸಿ ಎಸೆಯುವಂಥವೇ ಆಗಿರಬೇಕು, ಪೊಟ್ಟಣ ಕಣ್ಣೆದುರೇ ಒಡೆಯಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಹಸಿದ ಹೊಟ್ಟೆಯಲ್ಲಿ ಹೋಗಿ ಮಲಗಬಾರದು. ಸೂಜಿಗೆ ಬರುವ ತಲೆಸುತ್ತೂ ಸಕ್ಕರೆ ಇಳಿದು ಬರುವ ತಲೆಸುತ್ತೂ ಒಂದೇ ಥರ ಕಾಣುತ್ತವೆ.

ಮಾಡಿಸಿಯೇ ನೋಡುವುದಾದರೆ

ಎಲೆಕ್ಟ್ರೋ ಅಕ್ಯುಪಂಕ್ಚರ್ ಯಾರಿಗೆ ಒಪ್ಪುತ್ತದೆಂದು ಕೇಳಿದರೆ ಇಂಥವರಿಗೆ ಎನ್ನುತ್ತೇನೆ: ಸಂರಕ್ಷಕವಿಲ್ಲದ ಹನಿ ಸರಿಯಾಗಿ ಹಾಕಿಯೂ ಶಿರ್ಮರ್ ಕಡಿಮೆಯೇ ಇರುವವರು, ಕಾರ್ನಿಯಾದ ಸ್ಪರ್ಶ ಉಳಿದಿರುವವರು, ಉರಿಯೂತದ ಹನಿಗಳನ್ನು ಹೇಳಿದಷ್ಟು ಕಾಲ ಹಾಕಿ ನೋಡಿದವರು ಅಥವಾ ಅವುಗಳ ಉರಿ ತಾಳದವರು, ಮೇಲೆ ಹೇಳಿದ ಅಡ್ಡಿಗಳಿಲ್ಲದವರು. ಹನಿ, ಇನ್ಸುಲಿನ್, ಮಾತ್ರೆ ಯಾವುದನ್ನೂ ನಿಲ್ಲಿಸದೆ ಜೊತೆಯಲ್ಲಿ ಮಾಡಿಸಬೇಕು. "ಇದು ಶುರುವಾದರೆ ಅದನ್ನೆಲ್ಲ ಬಿಡಿ" ಎನ್ನುವವರ ಬಳಿ ಎರಡನೆಯ ಸಲ ಹೋಗಬೇಡಿ.

ಶುರುಮಾಡುವ ವಾರ ಎರಡೂ ಕಣ್ಣಿನ ಶಿರ್ಮರ್, ಪೊರೆ ಒಡೆಯುವ ಸೆಕೆಂಡು, ಬಣ್ಣದ ಚುಕ್ಕೆ, ಸ್ಪರ್ಶ, ಎಚ್‌ಬಿಎ1ಸಿ ಐದನ್ನೂ ಬರೆಸಿಟ್ಟುಕೊಳ್ಳಿ. ದಿನಕ್ಕೆ ಎಷ್ಟು ಸಲ ಹನಿ ಹಾಕುತ್ತೀರೆಂಬುದನ್ನೂ ಗುರುತುಹಾಕಿಕೊಳ್ಳಿ. ಚಿಕಿತ್ಸಕರ ಬಳಿ ಯಾವ ಬಿಂದು, ಎಷ್ಟು ಹರ್ಟ್ಜ್, ಎಷ್ಟು ನಿಮಿಷ ಎಂದು ಕೇಳಿ ಬರೆದುಕೊಳ್ಳಿ. ಹೇಳಲು ಹಿಂಜರಿದರೆ ವಿದ್ಯುತ್ ಸೂಜಿಯ ಇದ್ದ ಒಂದು ಅನುಕೂಲವೂ ಕೈತಪ್ಪಿದಂತೆ. ನಾಲ್ಕು ವಾರ ಮುಗಿದ ಮೇಲೆ ಅದೇ ಕಣ್ಣಿನ ವೈದ್ಯರ ಬಳಿ, ದಿನದ ಅದೇ ಹೊತ್ತಿನಲ್ಲಿ ಮತ್ತೆ ಅಳತೆ ಮಾಡಿಸಿ. ಕಿರಿಕಿರಿಯೂ ಇಳಿದು, ಶಿರ್ಮರೂ ಏರಿ, ಚುಕ್ಕೆಗಳೂ ಕಮ್ಮಿಯಾಗಿದ್ದರೆ ಇನ್ನೂ ನಾಲ್ಕು ವಾರ ಮುಂದುವರಿಸಬಹುದು. ಕಿರಿಕಿರಿ ಮಾತ್ರ ಇಳಿದು ಅಳತೆಗಳು ಇದ್ದಲ್ಲೇ ಇದ್ದರೆ ಸೂಜಿ ನಿಲ್ಲಿಸಿ, ಹನಿ ಮುಂದುವರಿಸಿ, ಸ್ಪರ್ಶದ ಪರೀಕ್ಷೆಯನ್ನು ಇನ್ನೊಮ್ಮೆ ಕೇಳಿ ಮಾಡಿಸಿ. ಈ ನಡುವೆ ಯಾವತ್ತಾದರೂ ಕಣ್ಣು ಕೆಂಪಾಗಿ ನೋವಿಲ್ಲದೆ ಇದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಬೆಳಕು ಚುಚ್ಚಿದರೆ ನಾಲ್ಕು ವಾರ ಮುಗಿಯಲೆಂದು ಕಾಯಬೇಡಿ, ಅವತ್ತೇ ಕಣ್ಣಿನ ವೈದ್ಯರ ಬಳಿ ಹೋಗಿ.